ಹಿರಿಯ ಪೊಲೀಸ್ ಅಧಿಕಾರಿಗಳ ಆಪ್ತ ಸಹಾಯಕರ ಕೆಲಸ ಹೇಗಿರುತ್ತದೆ?

ಪ್ರಶ್ನೆ: ಬೆಂಗಳೂರಿನ ನೃಪತುಂಗ ರಸ್ತೆಯ ಪೊಲೀಸ್ ಪ್ರಧಾನ ಕಚೇರಿಯಲ್ಲಿ ಹಿರಿಯ ಅಧಿಕಾರಿಯೊಬ್ಬರ ಆಪ್ತ ಸಹಾಯಕಿಯಾಗಿ ಸದ್ಯದಲ್ಲೇ ಸೇರಲಿದ್ದೇನೆ. ಕನ್ನಡ ಶೀಘ್ರಲಿಪಿ, ಬೆರಳಚ್ಚು ಎರಡೂ ಚೆನ್ನಾಗಿ ಬರುತ್ತವೆ. ಅವುಗಳ ಆಚೆಗೆ ಏನನ್ನು ಕಲಿತಿರಬೇಕೆಂದು ಅನುಭವಿಗಳು ದಯವಿಟ್ಟು ತಿಳಿಸುವಿರಾ?

ಉತ್ತರ 1: ಮೇಡಂ, ಬಂದ ಟಪಾಲಿನಲ್ಲಿ ಯಾವುದು ತುರ್ತು ಎಂದು ಗುರುತಿಸುವುದನ್ನು ಮೊದಲು ಕಲಿಯಿರಿ. ನ್ಯಾಯಾಲಯದ ಗಡುವಿರುವ ಕಡತ, ಅಧಿವೇಶನದ ವೇಳೆ ಶಾಸಕರ ಪ್ರಶ್ನೆಗೆ ಹೋಗಬೇಕಾದ ಉತ್ತರ, 30 ದಿನಗಳೊಳಗೆ ಮಾಹಿತಿ ಹಕ್ಕಿನ ಅರ್ಜಿದಾರರಿಗೆ ತಲುಪಬೇಕಾದ ಪತ್ರ, ಇವು ಸಾಮಾನ್ಯ ಕಾಗದಗಳ ರಾಶಿಯಲ್ಲಿ ಹೂತುಹೋದರೆ ಮುಜುಗರಕ್ಕೆ ಒಳಗಾಗುವುದು ಇಡೀ ಇಲಾಖೆ. ‘ಗೋಪ್ಯ’ ಎಂದು ಬರೆದ ಲಕೋಟೆಯನ್ನು ಸಾಹೇಬರ ಸ್ಪಷ್ಟ ಸೂಚನೆಯಿಲ್ಲದೆ ತೆರೆಯಬೇಡಿ.

ಉತ್ತರ 2: ಮೇಲಿನ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಆದರೆ ನನಗೆ ಹೆಚ್ಚು ಮುಖ್ಯವೆನಿಸುವುದು ಭೇಟಿಗೆ ಬರುವವರ ವಿಚಾರ: ದೂರದ ಜಿಲ್ಲೆಯಿಂದ ರಾತ್ರಿ ಬಸ್ಸಿನಲ್ಲಿ ಬಂದು, ಠಾಣೆಯಲ್ಲಿ ದೂರು ದಾಖಲಿಸಿಕೊಳ್ಳಲಿಲ್ಲವೆಂದು ಕಣ್ಣೀರಿಡುವ ತಾಯಿಯನ್ನು, ಮೊದಲೇ ಸಮಯ ಪಡೆದಿಲ್ಲವೆಂಬ ಒಂದೇ ಕಾರಣಕ್ಕೆ ಹಿಂದಕ್ಕೆ ಕಳುಹಿಸುವುದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು. ಅರ್ಜಿ ಪಡೆದು, ಸ್ವೀಕೃತಿ ಕೊಟ್ಟು, ವಿಷಯವನ್ನು ಅಂದೇ ಸಾಹೇಬರ ಗಮನಕ್ಕೆ ತನ್ನಿ.

ಉತ್ತರ 3: ವರ್ಗಾವಣೆಯ ಕಡತಗಳ ಬಗ್ಗೆ ಆಪ್ತ ಸಹೋದ್ಯೋಗಿಗಳು ಕೇಳಿದರೂ ಬಾಯಿ ಬಿಡಬೇಡಿ. ಅಧಿಕಾರಿ ಬದಲಾದ ದಿನವೇ ಹೊಸಬರ ಮುಂದಿಡಲು ಬಾಕಿ ಕಡತಗಳ ಪಟ್ಟಿ ಸದಾ ಸಿದ್ಧವಿರಲಿ.