ಬ್ಯಾಟರಿ ಹುಲ್ಲು ಕಟರ್ ನಾಲ್ಕು ನಿಮಿಷಕ್ಕೆ ನಿಂತುಹೋಗುತ್ತಿದೆ, ಚಾರ್ಜ್ ಮಾತ್ರ ಇದ್ದೇ ಇದೆ

ಪ್ರಶ್ನೆ: ಬೋಗಾದಿ, ಮೈಸೂರು

ನಮಸ್ಕಾರ. ಎರಡು ತಿಂಗಳ ಹಿಂದೆ ಬ್ಯಾಟರಿಯಲ್ಲಿ ಓಡುವ ಹುಲ್ಲು ಕಟರ್ ತಂದೆ. ಬ್ಲೇಡ್ ಅಲ್ಲ, ನೈಲಾನ್ ದಾರದ್ದು. 18 ವೋಲ್ಟ್, 4 ಆಂಪಿಯರ್-ಅವರ್ ಬ್ಯಾಟರಿ. ನಮ್ಮದು 30-40 ಸೈಟು, ಮನೆ ಸುತ್ತ ಅಂಥಾ ಜಾಗವೇನಿಲ್ಲ. ಆದರೆ ಪಕ್ಕದ 40-60 ಖಾಲಿ ಬಿದ್ದಿದೆ, ಮಾಲೀಕರು ಬೆಂಗಳೂರಿನಲ್ಲಿದ್ದಾರೆ. ಮಳೆ ಶುರುವಾದರೆ ಅಲ್ಲಿ ಕಳೆ ಮೊಣಕಾಲು ದಾಟುತ್ತದೆ. ಹಾವಿನ ಭಯಕ್ಕೆ ಅದನ್ನೂ ನಾನೇ ಹೊಡೆಯುತ್ತೇನೆ.

ಮೊದಲ ತಿಂಗಳು ಚೆನ್ನಾಗಿತ್ತು. ಒಂದು ಚಾರ್ಜಿಗೆ ಕಾಲು ಗಂಟೆ ಓಡುತ್ತಿತ್ತು. ಈಗ ಮೂರು-ನಾಲ್ಕು ನಿಮಿಷಕ್ಕೆ ಗಕ್ಕನೆ ನಿಂತುಬಿಡುತ್ತದೆ. ಬ್ಯಾಟರಿ ಮೇಲಿನ ನಾಲ್ಕು ದೀಪಗಳಲ್ಲಿ ಮೂರು ಉರಿಯುತ್ತಲೇ ಇರುತ್ತವೆ. ಐದು ನಿಮಿಷ ಬಿಟ್ಟು ಒತ್ತಿದರೆ ಓಡುತ್ತದೆ, ಮತ್ತೆ ನಿಲ್ಲುತ್ತದೆ. ತಂದ ಅಂಗಡಿಯಲ್ಲಿ ಕೇಳಿದರೆ "ಬ್ಯಾಟರಿ ವೀಕ್ ಆಗಿದೆ, ಹೊಸದು ಹಾಕಿ" ಅಂದರು. ಎರಡೇ ತಿಂಗಳಿಗೆ ವೀಕ್ ಆಗುತ್ತಾ?

ಸರಸ್ವತಿಪುರಂನಿಂದ

ಬ್ಯಾಟರಿ ಮೆಷಿನ್ ಅಂದರೆ ಆಟದ ಸಾಮಾನು ಸಾರ್. ಸುಮ್ನೆ ಮಾರಿಬಿಟ್ಟು ಪೆಟ್ರೋಲ್‌ದು ತಗೊಳ್ಳಿ.

ಮದ್ದೂರಿನಿಂದ

ಸ್ವಲ್ಪ ತಡೆಯಿರಿ. ಬ್ಯಾಟರಿ ನಿಜವಾಗಿ ಸೋತಿದ್ದರೆ ದೀಪಗಳು ಬೇಗ ಬೇಗ ಒಂದೊಂದಾಗಿ ಆರಬೇಕು, ಮೋಟರ್ ಸದ್ದು ಕುಗ್ಗುತ್ತಾ ಬರಬೇಕು. ನಿಮ್ಮದು ಚಾರ್ಜ್ ಇರುವಾಗಲೇ ಗಕ್ಕನೆ ನಿಲ್ಲುತ್ತಿದೆ, ತಣ್ಣಗಾದ ಮೇಲೆ ಓಡುತ್ತಿದೆ. ಇದು ಒಳಗಿನ ರಕ್ಷಣಾ ಸರ್ಕ್ಯೂಟ್ ಮಾಡುವ ಕೆಲಸ. ಕರೆಂಟ್ ಜಾಸ್ತಿ ಎಳೆದರೆ ಅಥವಾ ಬಿಸಿ ಮಿತಿ ಮೀರಿದರೆ ಅದು ಬಾಗಿಲು ಹಾಕಿಕೊಳ್ಳುತ್ತದೆ.

ಮೂರು ವಿಷಯ ಹೇಳಿ. ಈಗ ಹಾಕಿರುವ ದಾರ ಮೆಷಿನ್ ಜೊತೆ ಬಂದದ್ದೋ, ಆಮೇಲೆ ತಂದದ್ದೋ? ದಾರ ತಿರುಗುವ ತಲೆಯ ಹಿಂದಿನ ಪ್ಲಾಸ್ಟಿಕ್ ಗಾರ್ಡ್ ಇದೆಯಾ? ನಿಂತ ತಕ್ಷಣ ಬ್ಯಾಟರಿ ಬಿಚ್ಚಿಟ್ಟು ಮುಟ್ಟಿ ನೋಡಿದರೆ ಎಷ್ಟು ಬಿಸಿ ಇರುತ್ತದೆ?

ಪ್ರಶ್ನೆ ಕೇಳಿದವರು

ಬೈಯಬೇಡಿ. ಗಾರ್ಡ್ ಬಿಚ್ಚಿಟ್ಟಿದ್ದೇನೆ. ಒದ್ದೆ ಹುಲ್ಲು ಅದರೊಳಗೆ ಸಗಣಿ ಮೆತ್ತಿದ ಹಾಗೆ ಮೆತ್ತಿಕೊಳ್ಳುತ್ತಿತ್ತು, ಎರಡು ನಿಮಿಷಕ್ಕೊಮ್ಮೆ ಕೆರೆಯಬೇಕಿತ್ತು. ಬಿಚ್ಚಿದ ಮೇಲೆ ಅಗಲವಾಗಿಯೂ ಕತ್ತರಿಸುತ್ತದೆ ಅಂತ ಖುಷಿಯಾಗಿದ್ದೆ.

ಜೊತೆಗೆ ಬಂದ ದಾರ ಮುಗಿಯಿತು. ಹಾರ್ಡ್‌ವೇರ್ ಅಂಗಡಿಯಿಂದ ಕಿತ್ತಳೆ ಬಣ್ಣದ್ದು ತಂದೆ, ಪ್ಯಾಕೆಟ್ ಮೇಲೆ 2.4 ಮಿ.ಮೀ. ಅಂತಿದೆ. ಹಳೆಯದು 1.6 ಇತ್ತು. ದಪ್ಪ ಇದ್ದಷ್ಟು ಬಾಳಿಕೆ ಅಂದುಕೊಂಡೆ. ಬ್ಯಾಟರಿಯಂತೂ ಈಗಷ್ಟೇ ಕಟ್ಟಿದ ಮುದ್ದೆಯಷ್ಟು ಬಿಸಿ.

ಮದ್ದೂರಿನಿಂದ

ಸಿಕ್ಕಿತು. ನಿಮ್ಮ ಬ್ಯಾಟರಿಗೆ ಏನೂ ಆಗಿಲ್ಲ.

ಗಾರ್ಡ್ ಇರುವುದು ಬರೀ ಕಲ್ಲು ಸಿಡಿಯದಿರಲಿ ಅಂತ ಅಲ್ಲ. ಅದರ ಅಂಚಿನಲ್ಲಿ ಉಗುರಿನಷ್ಟು ಒಂದು ಕಬ್ಬಿಣದ ಬ್ಲೇಡ್ ಇರುತ್ತದೆ, ನೋಡಿ. ದಾರ ಉದ್ದವಾದಾಗ ಅದನ್ನು ಅಳತೆಗೆ ಕತ್ತರಿಸುವುದು ಅದೇ. ಗಾರ್ಡ್ ತೆಗೆದರೆ ದಾರಕ್ಕೆ ಲಂಗುಲಗಾಮಿಲ್ಲ. ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದ್ದೀರಾ? ಗಿಡ್ಡ ಕವಣೆ ಬೀಸುವುದು ಸಲೀಸು. ಹಗ್ಗ ಒಂದು ಗೇಣು ಉದ್ದ ಮಾಡಿ ಅದೇ ವೇಗದಲ್ಲಿ ಬೀಸಿ ನೋಡಿ, ತೋಳು ಬೀಳುತ್ತದೆ.

ಲೆಕ್ಕದಲ್ಲಿ ಹೇಳುತ್ತೇನೆ. ಒಂದೇ ವೇಗದಲ್ಲಿ ತಿರುಗುವ ದಾರ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಉದ್ದದ ನಾಲ್ಕನೇ ಘಾತದಷ್ಟು ಏರುತ್ತದೆ. ನಡುವಿನಿಂದ ತುದಿಗೆ 13 ಸೆಂ.ಮೀ. ಇರಬೇಕಾದದ್ದು 17 ಆಯಿತು ಅಂದುಕೊಳ್ಳಿ. ನಾಲ್ಕೇ ಸೆಂ.ಮೀ. ಅನಿಸುತ್ತದೆ, ಆದರೆ ಭಾರ ಹತ್ತಿರ ಮೂರು ಪಟ್ಟು. ದಪ್ಪ 1.6ರಿಂದ 2.4 ಆದದ್ದಕ್ಕೆ ಇನ್ನೊಂದೂವರೆ ಪಟ್ಟು. ಎರಡೂ ಸೇರಿದರೆ ನಾಲ್ಕು ಪಟ್ಟು ದಾಟಿತು. ಹುಲ್ಲು ಇನ್ನೂ ಮುಟ್ಟೇ ಇಲ್ಲ, ಇದು ಬರೀ ಗಾಳಿಗೆ! ಮೋಟರ್ ಆ ವೇಗಕ್ಕೆ ಏರಲಾಗದೆ ತಿಣುಕುತ್ತದೆ, ಕರೆಂಟ್ ಎಳೆಯುತ್ತದೆ, ಬ್ಯಾಟರಿ ಕಾಯುತ್ತದೆ. 2.4 ದಾರ ಪೆಟ್ರೋಲ್ ಮೆಷಿನ್‌ಗಳದ್ದು. ನಿಮ್ಮ ಕೈಪಿಡಿಯಲ್ಲಿ 1.6 ಅಂತಿದ್ದರೆ 1.6 ಮಾತ್ರ.

ಇವತ್ತೇ ಗಾರ್ಡ್ ಹಾಕಿ. ಗಾರ್ಡ್ ಇಲ್ಲದೆ ಒಂದು ಜಲ್ಲಿಕಲ್ಲು ಮೊಣಕಾಲಿನ ಚಿಪ್ಪಿಗೆ ಬಡಿದರೆ ಬ್ಯಾಟರಿ ವಿಷಯ ಮರೆತೇಹೋಗುತ್ತದೆ, ನನಗೆ ಬಡಿದಿದೆ. ಹುಲ್ಲು ಮೆತ್ತುವುದಕ್ಕೆ ಮದ್ದು ಬೇರೆ. ಬೆಳಗ್ಗೆ ಇಬ್ಬನಿಯಲ್ಲಿ ಇಳಿಯಬೇಡಿ, ಹತ್ತು ಗಂಟೆಯ ಮೇಲೆ ಒಣಗಿದಾಗ ಹೊಡೆಯಿರಿ. ಎತ್ತರದ ಕಳೆಯನ್ನು ಬುಡಕ್ಕೇ ಹೊಡೆಯಬೇಡಿ. ಮೇಲಿನಿಂದ ಒಂದೊಂದು ಗೇಣು ಇಳಿಸುತ್ತಾ ಬನ್ನಿ, ಆಗ ಉದ್ದ ಹುಲ್ಲು ತಲೆಗೆ ಸುತ್ತಿಕೊಳ್ಳುವುದಿಲ್ಲ.

ಪ್ರಶ್ನೆ ಕೇಳಿದವರು (ಭಾನುವಾರ ಸಂಜೆ)

ಗಾರ್ಡ್ ಹಾಕಿದೆ, 1.6 ದಾರ ತಂದೆ. ಒಂದೇ ಚಾರ್ಜಿನಲ್ಲಿ ಹದಿನಾಲ್ಕು ನಿಮಿಷ, ಮಧ್ಯೆ ಒಂದು ಸಲವೂ ನಿಲ್ಲಲಿಲ್ಲ. ದೊಡ್ಡ ಉಪಕಾರ.

ಆದರೆ ಹೊಸ ತಲೆನೋವು. ದಾರ ಪಟಪಟ ಮುರಿಯುತ್ತದೆ. ತಲೆಯನ್ನು ನೆಲಕ್ಕೆ ಕುಟ್ಟಿದರೆ ಹೊಸದು ಹೊರಗೆ ಬರುವುದಿಲ್ಲ. ಬಿಚ್ಚಿ ನೋಡಿದರೆ ಸುತ್ತುಗಳು ಒಂದಕ್ಕೊಂದು ಬೆಸುಗೆ ಹಾಕಿದಂತೆ ಅಂಟಿಕೊಂಡಿದ್ದವು.

ಶ್ರೀರಂಗಪಟ್ಟಣದಿಂದ

ಇದು ನನ್ನ ವಿಷಯ, ನಾನು ಹೇಳುತ್ತೇನೆ. ನೈಲಾನ್ ಒಣಗಿದರೆ ಗಾಜಿನ ಹಾಗೆ ಮುರಿಯುತ್ತದೆ. ಅಂಗಡಿಯಲ್ಲಿ ಬಿಸಿಲಿಗೆ ನೇತುಹಾಕಿದ್ದ ದಾರವಂತೂ ಕೇಳಲೇಬೇಡಿ. ನೈಲಾನ್ ನೀರು ಹೀರುತ್ತದೆ, ಹೀರಿದ ಮೇಲೆ ಬಳುಕುತ್ತದೆ. ಹಿಂದಿನ ದಿನವೇ ಸುರುಳಿಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ನಗಬೇಡಿ, ಮಾಡಿ ನೋಡಿ.

ಇನ್ನು ಅಂಟುವುದು. ದಾರದ ತುದಿ ಮಾತ್ರ ಹುಲ್ಲಿಗೆ ತಾಗಬೇಕು. ನಾವು ಕುಡುಗೋಲು ಹಿಡಿದ ಅಭ್ಯಾಸದಲ್ಲಿ ತಲೆಯನ್ನೇ ಪೊದೆಯೊಳಗೆ ನುಗ್ಗಿಸುತ್ತೇವೆ. ಆಗ ದಾರ ತಲೆಯ ಬಾಯಿಯ ಹತ್ತಿರ ಬಗ್ಗಿ ಉಜ್ಜುತ್ತದೆ, ಒಳಗಿನ ಸುತ್ತುಗಳು ಒಂದಕ್ಕೊಂದು ತಿಕ್ಕಿ ಬಿಸಿಯಾಗಿ ಕರಗುತ್ತವೆ. ಸುತ್ತುವಾಗಲೂ ಸ್ಪೂಲ್ ಮೇಲಿನ ಬಾಣದ ದಿಕ್ಕಿಗೇ, ಬಿಗಿಯಾಗಿ, ಸುತ್ತು ಸುತ್ತಿನ ಮೇಲೆ ಹತ್ತದಂತೆ ಸುತ್ತಿ. ಅಂಚಿನವರೆಗೆ ತುಂಬಬೇಡಿ. ಮುಟ್ಟುವ ಮುಂಚೆ ಬ್ಯಾಟರಿ ಬಿಚ್ಚಿ, ಇದನ್ನು ಮಾತ್ರ ಯಾವತ್ತೂ ಮರೆಯಬೇಡಿ.

ಕಾಂಪೌಂಡ್ ಗೋಡೆ, ತಂತಿಬೇಲಿ ಪಕ್ಕದಲ್ಲಿ ಒಂದಿಂಚು ಬಿಟ್ಟೇ ಹೊಡೆಯಿರಿ, ಉಳಿದದ್ದನ್ನು ಕೈಯಲ್ಲಿ ಕೀಳಿ. ಗಿಡಗಳ ಬುಡ ಇನ್ನೂ ಜೋಪಾನ. ಎರಡು ವರ್ಷದ ಸಪೋಟ ಗಿಡದ ಸುತ್ತ ನೀಟಾಗಿ ಮಾಡುತ್ತೇನೆ ಅಂತ ಹೋಗಿ ತೊಗಟೆಯನ್ನು ಸುತ್ತಲೂ ಉಂಗುರದ ಹಾಗೆ ಸುಲಿದುಬಿಟ್ಟೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ಆ ತೊಗಟೆಯಲ್ಲೇ. ಗಿಡ ನಿಧಾನಕ್ಕೆ ಒಣಗಿತು. ಈಗ ಪ್ರತಿ ಸಸಿಗೂ ಹಳೆ ಪಿವಿಸಿ ಪೈಪಿನ ತುಂಡು ಸೀಳಿ ತೊಡಿಸಿದ್ದೇನೆ.

ಇನ್ನೊಬ್ಬರು: ಕುವೆಂಪುನಗರ

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನಾನೂ ಒಂದು ತಗೊಳ್ಳಬೇಕು. ಆನ್‌ಲೈನಿನಲ್ಲಿ 48 ವೋಲ್ಟ್, 88 ವೋಲ್ಟ್ ಅಂತೆಲ್ಲ ಕಡಿಮೆ ಬೆಲೆಗೆ ತೋರಿಸುತ್ತದೆ. ಇವರ 18ಕ್ಕಿಂತ ಒಳ್ಳೆಯದಲ್ವಾ?

ಮದ್ದೂರಿನಿಂದ

ಡಬ್ಬದ ಮೇಲಿನದ್ದನ್ನು ಬಿಡಿ, ಚಾರ್ಜರ್ ಮೇಲಿನ ಸಣ್ಣ ಅಕ್ಷರ ಓದಿ. ಔಟ್‌ಪುಟ್ 21 ವೋಲ್ಟ್ ಅಂತಿದ್ದರೆ ಒಳಗೆ ಸಾಲಾಗಿ ಐದೇ ಲಿಥಿಯಂ ಸೆಲ್ ಇರುವುದು. ಒಂದು ಸೆಲ್ ತುಂಬಿದಾಗ 4.2, ಐದಕ್ಕೆ 21. ಸಾಮಾನ್ಯವಾಗಿ 3.6, ಐದಕ್ಕೆ 18. ಕೆಲವರು 20 ಅಂತ ಬರೆಯುತ್ತಾರೆ, ಅದೂ ಇದೇ. 88 ಅನ್ನುವುದು ಸ್ಟಿಕ್ಕರ್‌ನಲ್ಲಿ ಮಾತ್ರ.

ನೋಡಬೇಕಾದದ್ದು ವೋಲ್ಟ್ ಇಂಟು ಆಂಪಿಯರ್-ಅವರ್. 18 ಇಂಟು 4 ಅಂದರೆ 72 ವಾಟ್-ಅವರ್, ಬ್ಯಾಟರಿ ಹಿಡಿಯುವ ಒಟ್ಟು ಶಕ್ತಿ ಅದು. ಮೋಟರ್ ಸರಾಸರಿ 300 ವಾಟ್ ಎಳೆದರೆ 14 ನಿಮಿಷ ಚಿಲ್ಲರೆ. ಬೋಗಾದಿಯವರಿಗೆ ಬಂದದ್ದೂ ಅಷ್ಟೇ ಅಲ್ವಾ? 2 ಆಂಪಿಯರ್-ಅವರ್ ಆದರೆ ಅದರಲ್ಲಿ ಅರ್ಧ. ಮನೆಯಲ್ಲಿ ಡ್ರಿಲ್ ಇದ್ದರೆ ಅದೇ ಬ್ಯಾಟರಿ ಕೂರುವ ಕಂಪನಿಯದ್ದನ್ನೇ ತಗೊಳ್ಳಿ, ದುಡ್ಡು ಉಳಿಯುತ್ತದೆ. ಬ್ರಶ್‌ಲೆಸ್ ಮೋಟರ್ (ಒಳಗೆ ಉಜ್ಜುವ ಇಂಗಾಲದ ತುಂಡುಗಳಿಲ್ಲದ್ದು) ಸಿಕ್ಕರೆ ಇನ್ನೂ ಒಳ್ಳೆಯದು. ಅಗ್ಗದ ಸೆಟ್‌ಗಳಲ್ಲಿ ಕಬ್ಬಿಣದ ಗರಗಸದ ಚಕ್ರವನ್ನೂ ಜೊತೆಗೆ ಕೊಡುತ್ತಾರೆ. ತೆಳು ಗಾರ್ಡಿನ ಹಗುರ ಮೆಷಿನ್‌ಗೆ ಅದನ್ನು ಹಾಕಬೇಡಿ, ಕಲ್ಲಿಗೆ ತಾಗಿದರೆ ಎಗರುತ್ತದೆ.

ಸರಸ್ವತಿಪುರಂನವರ ಮಾತು ಪೂರ್ತಿ ತಪ್ಪಲ್ಲ. ನಮ್ಮ ಕಬ್ಬಿನ ಗದ್ದೆ ಬದುವಿಗೆ ನಾನೂ ಪೆಟ್ರೋಲ್ ಮೆಷಿನ್ನೇ ಬಳಸುವುದು. ಸೊಂಟದೆತ್ತರದ ಸೈಟನ್ನು ವರ್ಷಕ್ಕೊಮ್ಮೆ ಪೆಟ್ರೋಲ್ ಮೆಷಿನ್‌ನವರನ್ನು ಕರೆಸಿ ಹೊಡೆಸಿ, ಆಮೇಲೆ ಹದಿನೈದು ದಿನಕ್ಕೊಮ್ಮೆ ಬ್ಯಾಟರಿಯದ್ದು ಸಾಕು.

ಪ್ರಶ್ನೆ ಕೇಳಿದವರು

ಪಕ್ಕದ ಸೈಟಿನಲ್ಲಿ ಅರ್ಧ ಕಾಂಗ್ರೆಸ್ ಗಿಡವೇ ಇದೆ. ಅದನ್ನೂ ಇದರಲ್ಲೇ ಹೊಡೆಯಬಹುದಾ?

ಶ್ರೀರಂಗಪಟ್ಟಣದಿಂದ

ಹೊಡೆದರೆ ಬುಡದಿಂದ ಮತ್ತೆ ಚಿಗುರುತ್ತದೆ. ಬಿಳಿ ಹೂ ಬಂದಿದ್ದರೆ ನೀವೇ ಬೀಜ ಬಿತ್ತಿದ ಹಾಗೆ. ಪುಡಿ ಹಾರಿ ಮೈ ಕೈ ತುರಿಕೆ ಬೇರೆ. ಹೂ ಬರುವ ಮುಂಚೆ, ಮಳೆ ನಿಂತ ಮರುದಿನ ನೆಲ ಮೆತ್ತಗಿರುವಾಗ, ಗ್ಲೌಸು ಮಾಸ್ಕು ಹಾಕಿಕೊಂಡು ಬೇರು ಸಮೇತ ಕೀಳಿ. ಎಲೆ ತಿನ್ನುವ ಮೆಕ್ಸಿಕನ್ ಜೀರುಂಡೆಯನ್ನು 1984ರಲ್ಲೇ ಬೆಂಗಳೂರಿನಲ್ಲಿ ಬಿಟ್ಟಿದ್ದರು, ಮಳೆಗಾಲದಲ್ಲಿ ನಮ್ಮಲ್ಲೂ ಕಾಣುತ್ತದೆ. ಅದು ತಿಂದು ಮುಗಿಸಲಿ ಅಂತ ಮಾತ್ರ ಕಾಯಬೇಡಿ.

ಇಳಿಯುವ ಮುಂಚೆ ಉದ್ದ ಕೋಲಿನಲ್ಲಿ ಬಡಿಯಿರಿ. ನಮ್ಮ ಕಡೆ ಕೊಳಕುಮಂಡಲ ಇದೆ, ಅದು ನಾಗರನ ಹಾಗೆ ಸರಿದು ಹೋಗುವುದಿಲ್ಲ, ಅಲ್ಲೇ ಸುತ್ತಿಕೊಂಡು ಕೂತಿರುತ್ತದೆ. ಚಪ್ಪಲಿಯಲ್ಲಂತೂ ಬೇಡ, ಗಮ್ ಬೂಟು ಹಾಕಿ.

ಪ್ರಶ್ನೆ ಕೇಳಿದವರು

ಬೂಟು ತಂದಾಯಿತು. ದಾರ ಬಕೆಟ್‌ನಲ್ಲಿ ನೆನೆಯುತ್ತಿದೆ. ಮನೆಯವಳು ಮುಚ್ಚಳ ತೆಗೆದು ನೋಡಿ, "ಅವರೆಕಾಳು ನೆನೆಹಾಕಿ ಅಂದರೆ ಇದೇನ್ರೀ ಹಾಕಿದ್ದೀರಿ" ಅಂದಳು.