ಸಹಾಯ ಬೇಕು: ಮೃಗಾಲಯದ ಚಿತ್ರಗಳಿಗೆ ಕ್ಯಾಮೆರಾ ಹೊಂದಿಸುವುದು ಹೇಗೆ?

ಸದಸ್ಯರಿಗೆ ನಮಸ್ಕಾರ. ಕಳೆದ ಭಾನುವಾರ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯದಲ್ಲಿ ತೆಗೆದ ಸುಮಾರು ಇನ್ನೂರು ಚಿತ್ರಗಳಲ್ಲಿ ಇಟ್ಟುಕೊಳ್ಳುವಂಥವು ಹತ್ತೂ ಇಲ್ಲವಾದ್ದರಿಂದ ಅನುಭವಿಗಳ ಸಲಹೆ ಕೋರುತ್ತಿದ್ದೇನೆ. ನನ್ನಲ್ಲಿರುವುದು ಹಳೆಯ ಡಿಎಸ್‌ಎಲ್‌ಆರ್ ಮತ್ತು 70–300 ಮಿ.ಮೀ. ಲೆನ್ಸ್; 300ಕ್ಕೆ ಎಳೆದರೆ ಅಪರ್ಚರ್ (ಬೆಳಕನ್ನು ಒಳಬಿಡುವ ರಂಧ್ರ) ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ.

ಹೆಚ್ಚು ಕಾಡಿದ್ದು ಗೊರಿಲ್ಲಾ. ಬಿಸಿಲು ಬಿದ್ದ ಹುಲ್ಲಿನ ಮುಂದೆ ಅದು ಕುಳಿತಿದ್ದಾಗ, ಇಡೀ ಚೌಕಟ್ಟಿನ ಬೆಳಕನ್ನು ಅಳೆಯುವ ಮೀಟರಿಂಗ್‌ನಲ್ಲಿ ಮುಖವು ಇದ್ದಿಲಿನ ಮುದ್ದೆಯಂತೆ ಬಂತು. ಒಂದು ಸಣ್ಣ ಭಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್‌ಗೆ ಬದಲಿಸಿದೊಡನೆ ಕ್ಯಾಮೆರಾ ಆ ಕಪ್ಪನ್ನೇ ನಡುಬೂದು ಮಾಡಹೊರಟು, ರೋಮವೆಲ್ಲ ಬೂದಿ ಬಳಿದಂತಾಗಿ, ಹಿಂದಿನ ಹುಲ್ಲು ಬಿಳಿಚಿಹೋಯಿತು. ಸ್ಪಾಟ್ ಇಟ್ಟುಕೊಂಡೇ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನು (ಕ್ಯಾಮೆರಾ ಲೆಕ್ಕಹಾಕಿದ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಹೊಂದಿಕೆ) ಮೈನಸ್ 1ರ ಸುಮಾರಿಗೆ ಇಳಿಸಿದರೆ ಸಾಕೇ, ಅಥವಾ ಪೂರ್ತಿ ಮ್ಯಾನುಯಲ್‌ಗೆ ಹೋಗುವುದೇ ಮೇಲೇ?

ನೆರಳಿನಲ್ಲಿ ಅತ್ತಿತ್ತ ಅಡ್ಡಾಡುತ್ತಿದ್ದ ಹುಲಿಯನ್ನು 1/125 ಸೆಕೆಂಡಿನಲ್ಲಿ ತೆಗೆದಾಗ ಮುಖ ಸ್ಪಷ್ಟವಿದ್ದರೂ ಮುಂಗಾಲುಗಳು ಕದಡಿದ್ದವು; 1/500ಕ್ಕೆ ಏರಿಸಿದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200 ಮುಟ್ಟಿ ಪಟ್ಟೆಗಳ ಮೇಲೆಲ್ಲ ರವೆ ಚೆಲ್ಲಿದಂತಾಯಿತು. ರವೆಯನ್ನು ಸಹಿಸಬಹುದು, ಕದಡುವಿಕೆಯನ್ನಲ್ಲ ಎಂಬುದು ನನ್ನ ಅಭಿಪ್ರಾಯ; ತಪ್ಪಿದ್ದರೆ ತಿದ್ದಿ.

ಜಾಲರಿಯ ಹಿಂದಿನ ಪ್ರಾಣಿಗಳಲ್ಲಂತೂ ಆಟೋಫೋಕಸ್ ಪ್ರತಿ ಬಾರಿಯೂ ತಂತಿಯನ್ನೇ ಹಿಡಿಯಿತು. ಕಟಕಟೆಯ ಈಚೆಗೇ ನಿಲ್ಲಬೇಕಾದ್ದರಿಂದ (ಅದು ನ್ಯಾಯವೂ ಹೌದು) ಲೆನ್ಸನ್ನು ಜಾಲರಿಗೆ ಒತ್ತಿ ಹಿಡಿಯುವ ಉಪಾಯ ನಡೆಯದು. ಒಂದೇ ಫೋಕಸ್ ಬಿಂದುವನ್ನು ಆರಿಸಿಕೊಳ್ಳುವುದರ ಹೊರತಾಗಿ ಬೇರೆ ದಾರಿಯಿದ್ದರೆ ತಿಳಿಸಿ. ಪ್ರಾಣಿಗಳನ್ನು ಬೆದರಿಸುವ ಫ್ಲ್ಯಾಶ್ ಮಾತ್ರ ಬೇಡ.

ಮಂಗಳವಾರ ಮೃಗಾಲಯಕ್ಕೆ ರಜೆಯಾದ್ದರಿಂದ ಬುಧವಾರ ಬೆಳಿಗ್ಗೆ ಮತ್ತೆ ಹೋಗುವವನಿದ್ದೇನೆ. ಅಷ್ಟರೊಳಗೆ ಉತ್ತರ ಸಿಕ್ಕರೆ ಉಪಕಾರವಾಗುತ್ತದೆ.