ನಬತೀಯರೋ ನಬಾಟಿಯನ್ನರೋ? ಜತೆಗೆ ಬಾವಿಯ ಮೊದಲ ನೀರಿಗೊಂದು ಪದ

ಎಲ್ರಿಗೂ ನಮಸ್ಕಾರ. ಜೋರ್ಡಾನಿನ ಪೆಟ್ರಾ ಬಗ್ಗೆ ಬರೀತಿದೀನಿ, ಬಂಡೆ ಕಡಿದು ಆ ಊರು ಮಾಡಿದ ಜನಕ್ಕೆ ಕನ್ನಡದಲ್ಲಿ ಏನಂತ ಬರೀಬೇಕು ಅನ್ನೋ ಹತ್ರಾನೇ ನಿಂತ್ಬಿಟ್ಟಿದೀನಿ. ಇಂಗ್ಲಿಷ್ ಹಿಡ್ಕೊಂಡು ಹೋದ್ರೆ ನಬಾಟಿಯನ್ನರು. ಅವ್ರದೇ ಶಾಸನಗಳಲ್ಲಿರೋದು ‘ನಬತು’, ಹಾಗಾಗಿ ನಬತೀಯರು ಅಂತ ಬರೆದೆ. ಆದ್ರೆ ಆ ‘ತ’ ಈಗ ಕಾಡ್ತಿದೆ.

ಯಾಕಂದ್ರೆ ಇವ್ರ ಮೂಲ ಹುಡುಕೋರು ಮೊದ್ಲು ಹೋಗೋದು ಬೈಬಲ್ಲಿಗೆ. ಆದಿಕಾಂಡ 25ರಲ್ಲಿ ಇಷ್ಮಾಯೇಲನ ಚೊಚ್ಚಲ ಮಗ ನೆಬಾಯೋತ್, ಇವ್ರು ಅವನ ಕುಲದೋರು ಅಂತ 1ನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ಸೇ ನಂಟು ಹಾಕಿದಾನೆ. ಆದ್ರೆ ಹೀಬ್ರೂ, ಅರಾಮಿಕ್, ಅರಬ್ಬಿ ಭಾಷೆಗಳಲ್ಲಿ ಎರಡು ‘ತ’ ಇವೆ, ಒಂದು ನಮ್ಮ ಹಾಗೆ ಹಗುರ, ಇನ್ನೊಂದು ಒತ್ತಿ ಹೇಳೋ ಗಡಸು ‘ತ’. ನೆಬಾಯೋತ್‌ನಲ್ಲಿರೋದು ಹಗುರದ್ದು, ನಡುವೆ ಯಕಾರ ಬೇರೆ. ನಬತುನಲ್ಲಿ ಗಡಸುದ್ದು, ಯಕಾರಾನೇ ಇಲ್ಲ. ಇವೆರಡೂ ಒಂದೇ ಹೆಸರಲ್ಲ ಅನ್ನೋಕೆ ದೊಡ್ಡ ಸಾಕ್ಷಿ ಇದೇನೆ, ಕನ್ನಡದಲ್ಲಿ ಬರೆದ ತಕ್ಷಣ ಅದು ಅಳಿಸಿಹೋಗತ್ತೆ! ಅರಬ್ಬಿಯಲ್ಲಿ ತಾರೀಖಿನ ‘ತ’ ಹಗುರ, ತಾಕತ್ತಿನ ಮೊದಲ ‘ತ’, ಸುಲ್ತಾನನ ‘ತ’ ಗಡಸು, ನಾವು ಎಲ್ಲಾನೂ ಒಂದೇ ಅಕ್ಷರಕ್ಕೆ ತಂದ್ಕೊಂಡಿದೀವಿ. ‘ನಬಟು’ ಅಂತ ಟಕಾರ ಹಾಕಿದ್ರೆ ವ್ಯತ್ಯಾಸ ಉಳಿಯತ್ತೆ, ಆದ್ರೆ ಸುಲ್ತಾನನ್ನ ಸುಲ್ಟಾನ ಅಂದ ಹಾಗಾಗತ್ತಲ್ಲ, ನನಗ್ಯಾಕೋ ಮನಸ್ಸು ಒಪ್ತಿಲ್ಲ.

ಬುಡಕಟ್ಟು ಯಾವ್ದು ಅನ್ನೋದ್ರಲ್ಲಿ ವಿದ್ವಾಂಸರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಬರೆದಿದ್ದು ಅರಾಮಿಕ್‌ನಲ್ಲಿ, ಹೆಸರುಗಳು ಹೆಚ್ಚಿನವು ಅರಬ್ಬಿ, ರಾಜರೇ ಹಾರಿತತ್, ಮಾಲಿಕು. ಅರಬರೇ ಅನ್ನೋ ಕಡೆ ನನ್ನ ಒಲವು.

ಇನ್ನೊಂದು ಕೇಳ್ಬೇಕಿತ್ತು. ಅದೇ ಗಡಸು ‘ತ’ದ ಅರಬ್ಬಿ ‘ನಬತ್’ ಅಂದ್ರೆ ಬಾವಿ ತೋಡುವಾಗ ಮೊದ್ಲು ಕಾಣಿಸ್ಕೊಳ್ಳೋ ನೀರು. ಕ್ರಿ.ಪೂ. 312ರಲ್ಲಿ ಅಲೆಕ್ಸಾಂಡರನ ಸೇನಾಪತಿಯಾಗಿದ್ದ ಆಂಟಿಗೋನಸ್‌ನ ಸೈನ್ಯ ಇವ್ರ ಮೇಲೆ ಬಂದಾಗಿನ ಕಥೆ ಗ್ರೀಕ್ ಇತಿಹಾಸಕಾರ ಡಯೋಡೋರಸ್ ಬರೆದಿದಾನೆ, ಮರಳುಗಾಡಲ್ಲಿ ನೆಲದಡಿ ತೊಟ್ಟಿ ತೋಡಿ, ಗಾರೆ ಬಳಿದು, ಬಾಯಿ ಸಣ್ಣದಿಟ್ಟು, ಮಳೆನೀರು ತುಂಬಿಸಿ ಮುಚ್ಚಿಬಿಡೋರಂತೆ, ಗುರುತು ಅವ್ರಿಗೆ ಮಾತ್ರ ಗೊತ್ತು. ಹೆಸರು ಇಲ್ಲಿಂದಲೇ ಬಂತು ಅನ್ನೋಕೆ ಇಷ್ಟು ಸಾಲದು, ಆದ್ರೂ ಆ ಪದ ನಂಗೆ ತುಂಬಾ ಹಿಡಿಸಿದೆ. ಅಜ್ಜಿ ಮನೇಲಿ ಬಾವಿ ತೆಗೆಸ್ದಾಗ ತಳದ ಮಣ್ಣು ಕಪ್ಪಾಗಿ, ಹಾರೆ ಗುಂಡಿಯಲ್ಲಿ ಒಂದು ಬೊಗಸೆ ಕೆಸರುನೀರು ನಿಂತಿದ್ದು ನೋಡಿದೀನಿ. ಸೆಲೆ, ಒರತೆ ಅನ್ನೋದು ನೀರು ಬರೋ ಜಾಗಕ್ಕೆ. ಆ ಮೊದಲ ಬೊಗಸೆ ನೀರಿಗೇ ನಿಮ್ಮ ಕಡೆ ಬೇರೆ ಹೆಸರು ಇದ್ಯಾ?